ಮುರಿದ ಕಾಲಿನ ಅಲಾಸ್ಕಾ ಯಾತ್ರೆ

ಬೇಸಿಗೆ ಬಂತೆಂದರೆ ಸಿಯಾಟಲ್ ಬಂದರಿನಿಂದ ಅಲಾಸ್ಕಾದ ಕಡೆಗೆ ಹಡಗುಗಳ ಸಾಲು. ಊರಿಂದ ಅಪ್ಪ ಅಮ್ಮ ಬಂದರೆ ಕರೆದುಕೊಂಡು ಹೋಗಬೇಕಾದ ಜಾಗಗಳ ಪಟ್ಟಿಯಲ್ಲಿ ಇಲ್ಲಿನ ಕನ್ನಡದ ಮನೆಗಳವರು ಈ ಪ್ರವಾಸಕ್ಕೆ ಖಾಯಂ ಜಾಗ ಕೊಟ್ಟಿದ್ದಾರೆ. ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಮುಗಿಯಿತು, ಊರುಗಳೇ ನಮ್ಮ ಬಳಿ ಬರುತ್ತವೆ. ವಯಸ್ಸಾದವರಿಗೆ ಹತ್ತುವ ಇಳಿಯುವ ಕಷ್ಟ ಕಡಿಮೆ. ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆಯ ಮಂಡಿನೋವನ್ನು ನೆನೆದೇ ನಾವೂ ಟಿಕೆಟ್ ಮಾಡಿಸಿದ್ದೆವು. ಹೊರಡುವ ದಿನ ಬಂದಾಗ ನಡೆಯಲಾರದೆ ಕೂತಿದ್ದವರು ಅತ್ತೆಯಲ್ಲ, ಹದಿನೈದರ ಮಗ.

ಕ್ಲಬ್ಬಿನ ಸಾಕರ್ ಆಟದಲ್ಲಿ ಕಾಲಿಗೆ ಕಾಲು ತೊಡರಿ ಬಿದ್ದಿದ್ದ. ಎಡಪಾದದ ಗಂಟಿನ ಬಳಿ ಮೂಳೆ ಬಿರುಕು ಬಿಟ್ಟಿತ್ತು. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ಪದರ ಇರುತ್ತದೆ, ಮೂಳೆ ಉದ್ದವಾಗುವುದೇ ಅಲ್ಲಿಂದ. ಸುತ್ತಲಿನ ಅಸ್ಥಿರಜ್ಜುಗಳಿಗಿಂತ ಆ ಪದರ ನಾಜೂಕು. ಹಾಗಾಗಿ ದೊಡ್ಡವರಲ್ಲಿ ಬರೀ ಉಳುಕಾಗಿ ಹೋಗುವ ಪೆಟ್ಟು ಈ ವಯಸ್ಸಿನಲ್ಲಿ ಮೂಳೆಗೇ ತಗಲುತ್ತದೆ. ಮೂಳೆ ಸರಿದಿಲ್ಲ, ಆಪರೇಷನ್ ಬೇಡ, ಆರು ವಾರ ಪ್ಲಾಸ್ಟರ್, ಆ ಕಾಲನ್ನು ನೆಲಕ್ಕೆ ಊರಲೇಬಾರದು ಎಂದರು ಡಾಕ್ಟರು.

ಹಣ ಪೂರ್ತಿ ಕಟ್ಟಿಯಾಗಿತ್ತು, ರದ್ದು ಮಾಡಿದರೆ ಮರಳುವ ಗಡುವು ಮುಗಿದಿತ್ತು. ನಾನು ಮಗನ ಜೊತೆ ಉಳಿಯುವುದು, ಉಳಿದವರು ಹೋಗುವುದು ಎಂದು ಒಂದು ಲೆಕ್ಕಾಚಾರ ನಡೆಯಿತು. ಅತ್ತೆ ಒಪ್ಪಲಿಲ್ಲ. “ಮನೇಲೇ ಕೂತ್ರೆ ಮೂಳೆ ಎಂತ ಬೇಗ ಕೂಡ್ತದಾ? ಗಾಡಿ ಮೇಲೆ ಕೂರಿಸ್ಕೊಂಡು ಹೋದ್ರಾಯ್ತಪ್ಪ” ಎಂದರು. ಡಾಕ್ಟರೂ ಅಡ್ಡಿ ಹೇಳಲಿಲ್ಲ. ಕೂತಾಗೆಲ್ಲ ಕಾಲು ಎತ್ತರದಲ್ಲಿರಲಿ, ಪ್ಲಾಸ್ಟರ್ ನೆನೆಯದಿರಲಿ, ಬೆರಳು ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ತಡಮಾಡದೆ ಹಡಗಿನ ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳಿ ಕಳಿಸಿದರು. ತಕರಾರಿದ್ದದ್ದು ಮಗನದು. ಬರುವುದಕ್ಕೇನೋ ಸಿದ್ಧ, ಗಾಲಿಕುರ್ಚಿ ಮಾತ್ರ ಬೇಡ. ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡೇ ಅಲಾಸ್ಕಾ ಸುತ್ತುತ್ತೇನೆಂದು ಹಟ. ಹಡಗು ಹತ್ತುವ ಸಾಲು ಎಷ್ಟುದ್ದ ಇರುತ್ತದೆಂದು ಕಣ್ಣಾರೆ ಕಂಡ ಮೇಲೆ, ಯಾರೂ ಏನೂ ಹೇಳದೆಯೇ, ನಾವು ಬಾಡಿಗೆಗೆ ತಂದಿದ್ದ ಕುರ್ಚಿಯಲ್ಲಿ ಹೋಗಿ ಕೂತ.

ಅತ್ತೆಗೆ ಇನ್ನೊಂದು ತೊಡಕಿತ್ತು, ಕೆನಡಾ ವೀಸಾ. ಹೊರಡುವುದು ಅಮೆರಿಕದಿಂದ, ನೋಡುವುದು ಅಮೆರಿಕದ ರಾಜ್ಯ, ಮರಳುವುದು ಅಮೆರಿಕಕ್ಕೆ. ನಡುವೆ ಕೆನಡಾ ಏಕೆ ಬಂತು? ಇದಕ್ಕೆ 1886ರ ಒಂದು ಕಾನೂನು ಕಾರಣ. ವಿದೇಶಿ ಬಾವುಟದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಇಂಥ ದೊಡ್ಡ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಬಹಾಮಾಸ್, ಬರ್ಮುಡಾ, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾದವು. ಆದ್ದರಿಂದ ಸಿಯಾಟಲ್‌ನಿಂದ ಹೊರಟವು ಕೆನಡಾದ ವಿಕ್ಟೋರಿಯಾ ಬಂದರಿಗೋ ಮತ್ತೊಂದಕ್ಕೋ ಹೋಗಿ ಮುಖ ತೋರಿಸಿ ಬರುತ್ತವೆ. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಇದು ಗಮನಕ್ಕೇ ಬರುವುದಿಲ್ಲ. ಭಾರತದ ಪಾಸ್‌ಪೋರ್ಟಿನ ಹಿರಿಯರನ್ನು ಕರೆದೊಯ್ಯುವವರು ತಿಂಗಳುಗಳ ಮೊದಲೇ ನೋಡಿಕೊಳ್ಳಬೇಕು.

ಗಾಲಿಕುರ್ಚಿಗೆಂದೇ ಅಗಲ ಬಾಗಿಲು ಇಟ್ಟು ಕಟ್ಟಿದ ಕೋಣೆಗಳು ಹಡಗಿನಲ್ಲಿ ಕೆಲವೇ ಇರುತ್ತವೆ. ನಾವು ಕೇಳುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಸಾಮಾನ್ಯ ಕ್ಯಾಬಿನ್ನಿನ ಬಾಗಿಲಲ್ಲಿ ಕುರ್ಚಿ ತೂರುವುದಿಲ್ಲ. ಮಗ ಬಾಗಿಲಲ್ಲಿ ಎದ್ದು ಒಂಟಿಗಾಲಲ್ಲಿ ನಿಲ್ಲಬೇಕು, ಕುರ್ಚಿ ಮಡಚಿ ಒಳಗೆಳೆಯಬೇಕು. ಓಣಿಯಲ್ಲಿ ಬಿಡೋಣವೆಂದರೆ ಅದು ಬೆಂಕಿ ಬಿದ್ದಾಗ ಓಡುವ ದಾರಿ, ಏನನ್ನೂ ಇಡುವಂತಿಲ್ಲ. ಬಚ್ಚಲಿಗೆ ನೀರು ಹೊರಬಾರದಂತೆ ನಾಲ್ಕು ಬೆರಳೆತ್ತರದ ಹೊಸ್ತಿಲು. ಅಲ್ಲೇ ಎಡವುತ್ತಾನೆಂದು ನನಗೆ ಭಯ. ಒಳಗೆ ನೋಡಿದರೆ ಅದು ಎಷ್ಟು ಇಕ್ಕಟ್ಟೆಂದರೆ, ಒಂದು ಕೈ ಬೇಸಿನ್ ಮೇಲೆ, ಇನ್ನೊಂದು ಗೋಡೆಯ ಹಿಡಿಯ ಮೇಲೆ, ಬೀಳಬೇಕೆಂದರೂ ಜಾಗವಿಲ್ಲ. ಮೊಣಕಾಲವರೆಗೆ ರಬ್ಬರಿನ ಬಾಯಿಯ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು, ಬಾಗಿಲು ಹಾಕಿಕೊಂಡು ತಾನೇ ಸ್ನಾನ ಮಾಡಿ ಬಂದ. ಕಾಲು ಮುರಿದ ಮೇಲೆ ಮನೆಯಲ್ಲಿ ಅದು ಸಾಧ್ಯವಾಗಿರಲಿಲ್ಲ.

ಹಡಗು ಹೊರಡುವ ಮುಂಚೆ ಸುರಕ್ಷತೆಯ ಕವಾಯತು. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಸಮುದ್ರ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2012ರಲ್ಲಿ ಇಟಲಿಯ ದಡದ ಬಳಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿ 32 ಜನ ಸತ್ತ ಮೇಲೆ ನಿಯಮ ಇನ್ನಷ್ಟು ಬಿಗಿಯಾಗಿ, ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಪ್ರತಿಯೊಬ್ಬರೂ ತಮ್ಮ ತುರ್ತು ಜಾಗ ಯಾವುದೆಂದು ತಿಳಿದಿರಬೇಕೆಂದಾಯಿತು. ಅಪಾಯದ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ ಎಂದು ಅಲ್ಲಿ ಹೇಳಿದರು. ಮಗನ ಮುಖ ಗಂಭೀರವಾಯಿತು. ಅಲ್ಲಿದ್ದ ಸಿಬ್ಬಂದಿಯಲ್ಲಿ ಒಬ್ಬ ಮಂಗಳೂರು ಕಡೆಯ ಹುಡುಗ. ಅತ್ತೆಯ ಸೀರೆ ನೋಡಿ, ನಮ್ಮ ಮಾತು ಕೇಳಿ ಹತ್ತಿರ ಬಂದ. ಅತ್ತೆಗೆ ಕೈಮುಗಿದ, ನಮಗೆ ನಕ್ಕ, ಮಾತಾಡಿದ್ದು ನೇರ ಮಗನ ಹತ್ತಿರ.

“ಎಂತ ಮಾರಾಯ, ಕಾಲಿಗೆ ಎಂತ ಮಾಡಿಕೊಂಡದ್ದು? ಲಿಫ್ಟ್ ನಿಂತ್ರೆ ಮೆಟ್ಟಿಲಲ್ಲಿ ಇಳಿಸ್ಲಿಕ್ಕೆ ಬೇರೆ ಕುರ್ಚಿ ಉಂಟು, ನಾಲ್ಕು ಜನ ಹೊತ್ತು ಇಳಿಸುದು. ತೂಕ ಎಷ್ಟು ನಿಂದು?”

“ನೂರಾ ಇಪ್ಪತ್ತು ಪೌಂಡ್.”

“ಅಷ್ಟೆಯಾ! ಹಾಗಾದ್ರೆ ಮೂರು ಜನ ಸಾಕು.”

ಕರಾವಳಿಯ ಹುಡುಗರು ಇಂಥ ಹಡಗುಗಳಲ್ಲಿ ಸಿಗುವುದು ಹೊಸದೇನಲ್ಲ. ಮನೆ ಬಿಟ್ಟು ತಿಂಗಳುಗಟ್ಟಲೆ ನೀರಿನ ಮೇಲೆ ದುಡಿದು, ಊರಿಗೆ ಹೋಗಿ, ಮತ್ತೆ ಬರುವ ಬದುಕು. ಅವನ ಆ ಮಾತಿನ ಬೆಲೆ ನನಗೆ ಗೊತ್ತಾದದ್ದು ಮುಂದಿನ ದಿನಗಳಲ್ಲಿ. ಗಾಲಿಕುರ್ಚಿಯಲ್ಲಿ ಕೂತವರನ್ನು ಬಿಟ್ಟು ಅದರ ಹಿಂದೆ ನಿಂತವರನ್ನು ಮಾತಾಡಿಸುವುದು ಲೋಕದ ರೂಢಿ. ಒಂದು ಅಂಗಡಿಯಲ್ಲಿ “ಇವನಿಗೆ ಹಾಟ್ ಚಾಕೊಲೇಟ್ ಬೇಕಂತಾ?” ಎಂದು ನನ್ನನ್ನು ಕೇಳಿದರು. ಮುರಿದದ್ದು ಕಾಲು, ಬಾಯಲ್ಲ. “ಇವನಿಗೆ ಬೇಕಂತೆ, ಕ್ರೀಮ್ ಹಾಕಿ” ಎಂದು ಮಗ ತಾನೇ ಹೇಳಿದ. ಧ್ವನಿಯಲ್ಲಿ ನಗುವಿತ್ತು, ಕಿವಿ ಮಾತ್ರ ಕೆಂಪಾಗಿತ್ತು.

ಮೊದಲ ದಿನ ರಾತ್ರಿ ಊಟಕ್ಕೆ ಹೊರಟಾಗ ಮಗನೂ ಇಲ್ಲ, ಕುರ್ಚಿಯೂ ಇಲ್ಲ. ನಾನು ಗಾಬರಿಯಾಗಿ ಹುಡುಕಿದೆ. ಮೇಲಿನ ಮಹಡಿಯಲ್ಲಿ ಪಿಜ್ಜಾ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಇಬ್ಬರು ಹುಡುಗರ ಜೊತೆ ಇಸ್ಪೀಟು ಆಡುತ್ತಿದ್ದ. ಮನೆಯಲ್ಲಿ ಅವನ ಕೋಣೆ ಮಹಡಿಯ ಮೇಲೆ. ಇಳಿಯಬೇಕೆಂದರೆ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಜಾರಬೇಕು, ನೀರು ಬೇಕೆಂದರೆ ಕೂಗಬೇಕು, ಗೆಳೆಯರ ಮನೆಗೆ ನಾವೇ ಕಾರಿನಲ್ಲಿ ಬಿಡಬೇಕು. ಇಲ್ಲಿ ನೆಲವೆಲ್ಲ ಸಮ, ಹೆಜ್ಜೆ ಹೆಜ್ಜೆಗೆ ಲಿಫ್ಟ್, ದಾಟಲು ರಸ್ತೆಯಿಲ್ಲ, ಕೊಡಲು ಕಾಸು ಬೇಡ, ಮಧ್ಯರಾತ್ರಿಯಲ್ಲೂ ತಿನ್ನಲು ಸಿಗುತ್ತದೆ. ಹಡಗಾದರೆ ಮಗ ನಮ್ಮ ಕಣ್ಣಳತೆಯಲ್ಲೇ ಇರುತ್ತಾನೆಂದು ನಾವು ಧೈರ್ಯ ತಂದುಕೊಂಡಿದ್ದೆವು. ಅವನಿಗೆ ಹಡಗು ಹಿಡಿಸಿದ್ದು ನಮ್ಮ ಕಣ್ಣು ತಪ್ಪಿಸಲು ಸಾಧ್ಯವಾಯಿತೆಂದು.

ದಡದ ಮೇಲೆ ಮಾತ್ರ ಅವನು ಮತ್ತೆ ನಮ್ಮ ಕೈಗೆ ಬರುತ್ತಿದ್ದ. ಈ ಭಾಗದ ಸಮುದ್ರದಲ್ಲಿ ಭರತ ಇಳಿತಗಳ ನಡುವೆ ಹದಿನೈದು ಇಪ್ಪತ್ತು ಅಡಿ ವ್ಯತ್ಯಾಸವಾಗುವುದು ಸಾಮಾನ್ಯ. ಬೆಳಿಗ್ಗೆ ಇಳಿಯುವಾಗ ಸಮವಾಗಿದ್ದ ಹಲಗೆಸೇತುವೆ ಸಂಜೆ ಹಡಗಿಗೆ ಮರಳುವಾಗ ಕಡಿದಾದ ಏರಾಗಿರುತ್ತದೆ. ಇಳಿಸುವಾಗ ಕುರ್ಚಿಯನ್ನು ಹಿಮ್ಮುಖ ಮಾಡಿ, ಒಬ್ಬರು ಹಿಂದೆ, ಒಬ್ಬರು ಮುಂದೆ. ಆಗ ಅವನು ಆಕಾಶ ನೋಡುತ್ತ ಮಾತಿಲ್ಲದೆ ಕೂತಿರುತ್ತಿದ್ದ. ನಮ್ಮ ಪುಣ್ಯ, ಹೋದ ಊರುಗಳಲ್ಲೆಲ್ಲ ಹಡಗು ಕಟ್ಟೆಗೇ ಬಂದು ನಿಂತಿತು. ನಡುನೀರಿನಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುವ ಊರಾದರೆ, ಅಲೆಯಿದ್ದ ದಿನ ಗಾಲಿಕುರ್ಚಿಯವರು ಹಡಗಿನಲ್ಲೇ ಉಳಿಯಬೇಕಾಗಬಹುದು.

ಕೆಚಿಕನ್ ಮೊದಲ ಊರು. ಟ್ಲಿಂಗಿಟ್ ಜನರ ನಾಡು, ಸಾಲ್ಮನ್ ಮೀನು ಮತ್ತು ಎತ್ತರದ ಕೆತ್ತನೆ ಕಂಬಗಳಿಗೆ ಹೆಸರಾದದ್ದು. ವರ್ಷಕ್ಕೆ ಸುಮಾರು 140 ಇಂಚು ಮಳೆ ಸುರಿಯುತ್ತದೆಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆಗುಂಬೆಯ ನೆರೆಯವರಾದ ಅತ್ತೆಗೆ ಇದನ್ನು ಹೇಳಿದರೆ “ಇಷ್ಟಕ್ಕೇನಾ?” ಎಂದುಬಿಟ್ಟರು. ಆಗುಂಬೆಯದು ಹೆಚ್ಚುಕಡಿಮೆ ಅದರ ಎರಡರಷ್ಟು. ಜುಲೈ ತಿಂಗಳು, ಜಿಟಿಜಿಟಿ ಮಳೆ, ಗುಡ್ಡಕ್ಕೆ ತಾಗಿದ ಮೋಡ, ನೆನೆದ ಮರದ ವಾಸನೆ. ವಿದೇಶಕ್ಕೆ ಬಂದ ಮೇಲೆ ಅತ್ತೆ ಮೊದಲ ಬಾರಿಗೆ ಗೆಲುವಾಗಿದ್ದರು. ಕ್ರೀಕ್ ಸ್ಟ್ರೀಟ್ ಎಂಬ ಅಲ್ಲಿನ ಹಳೆಯ ಬೀದಿ ನೆಲದ ಮೇಲಿಲ್ಲ, ಹೊಳೆಯ ಮೇಲೆ ಕಂಬ ನೆಟ್ಟು ಹಾಸಿದ ಹಲಗೆಗಳ ಮೇಲಿದೆ. ಒದ್ದೆ ಹಲಗೆಯ ಮೇಲೆ ಊರುಗೋಲಿನ ರಬ್ಬರು ಜಾರಿತು. ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಸಂದು ಸಂದಿಗೂ ಕಟಕಟ ಎಂದವು. ಆ ಸದ್ದಿಗೆ ಪ್ಲಾಸ್ಟರಿನೊಳಗೆ ತುರಿಕೆ ಎದ್ದಿತೆಂದು ಮಗ ಹಲ್ಲು ಕಚ್ಚಿದ.

ಜುನೋ ಅಲಾಸ್ಕಾದ ರಾಜಧಾನಿ. ಹೊರಗಿನಿಂದ ಅಲ್ಲಿಗೆ ಒಂದು ರಸ್ತೆಯೂ ಇಲ್ಲ, ನೀರಿನಿಂದ ಅಥವಾ ಗಾಳಿಯಿಂದಲೇ ತಲುಪಬೇಕು. ಊರಾಚೆ ಮೆಂಡನ್‌ಹಾಲ್ ಹಿಮನದಿಯಿದೆ, ಸುಮಾರು 13 ಮೈಲಿ ಉದ್ದದ್ದು. ಅದನ್ನು ನೋಡುವ ಕಟ್ಟೆಯವರೆಗೆ ಗಾಲಿಕುರ್ಚಿ ಹೋಗುವಂತೆ ಹಾಸಿದ ದಾರಿಯಿದೆ. ನಗೆಟ್ ಜಲಪಾತದ ಬುಡಕ್ಕೆ ಹೋಗುವ ಜಲ್ಲಿಯ ದಾರಿ ಬೇರೆ, ಅಲ್ಲಿಗೆ ಅವನನ್ನು ಒಯ್ಯುವುದು ಕಷ್ಟ. ನಮ್ಮವರೂ ಮಗಳೂ ಹೊರಟರು. ನಾನು ಉಳಿಯುತ್ತೇನೆಂದೆ. “ನೀನೂ ಹೋಗಮ್ಮ. ನಾನು, ಅಜ್ಜಿ ಇರ್ತೀವಿ” ಎಂದ. ಕೇಳಿಕೊಂಡದ್ದಲ್ಲ, ನಿರ್ಧರಿಸಿ ಹೇಳಿದ್ದು.

ಹೋದೆ. ಜಲಪಾತದ ತುಂತುರಿನಲ್ಲಿ ನೆನೆದು ವಾಪಸಾದರೆ ಇಬ್ಬರೂ ಬಿಟ್ಟ ಜಾಗದಲ್ಲಿರಲಿಲ್ಲ. ಸ್ಟೀಪ್ ಕ್ರೀಕ್ ಎಂಬ ತೊರೆಯ ಪಕ್ಕ ಎತ್ತರಿಸಿ ಕಟ್ಟಿದ ಮರದ ಹಾದಿಯ ಮೇಲೆ ಸಿಕ್ಕರು. ಅತ್ತೆ ಕುರ್ಚಿಯ ಹಿಡಿಕೆ ಹಿಡಿದಿದ್ದರು, ಮಗ ತಾನೇ ಗಾಲಿ ತಿರುಗಿಸುತ್ತಿದ್ದ. ಹಿಡಿಕೆಯ ಮೇಲೆ ಭಾರ ಬಿಟ್ಟು ನಡೆದರೆ ಮಂಡಿ ನೋಯುವುದಿಲ್ಲವೆಂದು ಅತ್ತೆ ಕಂಡುಕೊಂಡಿದ್ದರು. ಅವರನ್ನು ಊರುಗೋಲು ಹಿಡಿಯಿರೆಂದು ವರ್ಷಗಳಿಂದ ಬೇಡಿಕೊಂಡು ಸೋತವರು ನಾವು. ಮೊಮ್ಮಗನನ್ನು ತಳ್ಳುವ ನೆಪದಲ್ಲಿ ಅವರಿಗೂ ಒಂದು ಆಸರೆ ಸಿಕ್ಕಿತ್ತು, ಮುಜುಗರವಿಲ್ಲದ್ದು. ಅವರಿಬ್ಬರೂ ಕೆಳಗೆ ತೊರೆಯಲ್ಲಿ ಮೀನು ಹುಡುಕುತ್ತಿದ್ದ ಕಪ್ಪು ಕರಡಿಯೊಂದನ್ನು ಬಹಳ ಹೊತ್ತು ನೋಡಿದ್ದರು. ನಡೆದು ಹೋದ ನಮಗೆ ಒಂದು ಕರಡಿಯೂ ಕಾಣಲಿಲ್ಲ.

ಸ್ಕ್ಯಾಗ್ವೆಯಲ್ಲಿ ಚಿನ್ನದ ಹುಚ್ಚಿನ ಕಥೆ. 1896ರಲ್ಲಿ ಕೆನಡಾದ ಕ್ಲಾಂಡೈಕ್ ಕಡೆ ಚಿನ್ನ ಸಿಕ್ಕಿತು. ಮರುವರ್ಷ ಸುದ್ದಿ ಸಿಯಾಟಲ್ ಮುಟ್ಟಿದ್ದೇ ತಡ, ಜನ ಹಡಗು ಹತ್ತಿ ಇಲ್ಲಿಗೆ ಬಂದಿಳಿದು, ಬೆಟ್ಟ ಹತ್ತಿ ಆಚೆ ಹೋಗತೊಡಗಿದರು. ಆಚೆಗೆ ಹೋಗಿ ಹಸಿವಿನಿಂದ ಸಾಯಬಾರದೆಂದು ಕೆನಡಾದ ಪೊಲೀಸರು ತಲೆಗೆ ಒಂದು ಟನ್ನಿನಷ್ಟು ಸಾಮಾನು ಇದ್ದರಷ್ಟೇ ಗಡಿ ದಾಟಲು ಬಿಡುತ್ತಿದ್ದರು. ಅದನ್ನು ಹೊರಲು ಕುದುರೆಗಳು. ವೈಟ್ ಪಾಸ್ ಕಣಿವೆಯ ದಾರಿಯಲ್ಲಿ ಸತ್ತ ಕುದುರೆಗಳ ಲೆಕ್ಕವನ್ನು ಸುಮಾರು ಮೂರು ಸಾವಿರ ಎನ್ನುತ್ತಾರೆ. ಆಮೇಲೆ 1898ರಲ್ಲಿ ಶುರುವಾಗಿ 1900ರಲ್ಲಿ ಮುಗಿದ ಮೂರಡಿ ಅಗಲದ ರೈಲು ಹಾದಿ ಈಗ ಪ್ರವಾಸಿಗರದ್ದು. 20 ಮೈಲಿಯಲ್ಲಿ ಸುಮಾರು 2,900 ಅಡಿ ಏರುತ್ತದೆ. ಗಾಲಿಕುರ್ಚಿಯನ್ನು ಎತ್ತಿ ಒಳಗಿಡುವ ಯಂತ್ರವಿರುವ ಬೋಗಿಯೂ ಇದೆ, ಮೊದಲೇ ಹೇಳಿರಬೇಕು. ಕುದುರೆಗಳು ಬಿದ್ದ ಕಮರಿಯನ್ನು ತೋರಿಸುತ್ತ, ಕಾಲು ಮುರಿದುಕೊಂಡವನ್ನು ಅಲ್ಲಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದರೆಂದು ರೈಲಿನಲ್ಲಿ ವಿವರಿಸಿದರು. ಬೋಗಿಯಲ್ಲಿ ಮೌನ. ಮಗ ತನ್ನ ಪ್ಲಾಸ್ಟರನ್ನೊಮ್ಮೆ ನೋಡಿ ಅಪ್ಪನಿಗೆ ಹೇಳಿದ: “ನನ್ನ ಟಿಕೆಟ್ಟಿಗೆ ರಿಟರ್ನ್ ಇದೆ ತಾನೇ?”

ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನ ಈ ಯಾತ್ರೆಯ ಗರ್ಭಗುಡಿ. ದಿನಕ್ಕೆ ಎರಡೇ ದೊಡ್ಡ ಹಡಗುಗಳನ್ನು ಒಳಗೆ ಬಿಡುತ್ತಾರೆ. ಉದ್ಯಾನದ ರೇಂಜರುಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತಿ ವಿವರಿಸುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರನ ತಂಡ ಬಂದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲವೆನ್ನಬಹುದು, ಬಾಯಿಗೇ ಹಿಮದ ಗೋಡೆ. 1879ರಲ್ಲಿ ನಿಸರ್ಗವಾದಿ ಜಾನ್ ಮ್ಯೂರ್ ಬರುವ ಹೊತ್ತಿಗೆ ಅದು 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಹೂನಾ ಟ್ಲಿಂಗಿಟ್ ಜನರ ನೆನಪು ಇನ್ನೂ ಹಿಂದಿನದು. ಹಿಮ ಮುನ್ನುಗ್ಗಿ ಬಂದಾಗ ಅವರು ಊರನ್ನೇ ತೊರೆದು ಓಡಬೇಕಾಯಿತು.

ಮಾರ್ಜರಿ ಹಿಮನದಿಯ ಎದುರು ಹಡಗು ನಿಂತಾಗ ಎಲ್ಲರೂ ಒಂದೇ ಬದಿಗೆ ನುಗ್ಗಿದರು. ನೀರಿನಿಂದ ಸುಮಾರು 250 ಅಡಿ ಎದ್ದ ನೀಲಿ ಗೋಡೆ. ಕೂತ ಮಗನಿಗೆ ಕಂಡದ್ದು ಸಾಲು ಸಾಲು ಬೆನ್ನು. “ದಾರಿ ಬಿಡಿ, ಪಾಪ ಹುಡುಗ” ಎಂದರು ಯಾರೋ. ಅವನು ಥಟ್ಟನೆ ಕುರ್ಚಿ ತಿರುಗಿಸಿ ಹೊರಟೇಬಿಟ್ಟ. ಮುನಿಸಿಕೊಂಡನೆಂದು ಹಿಂದೆ ಓಡಿದೆ. ಹಡಗಿನ ಇನ್ನೊಂದು ಬದಿಯಲ್ಲಿ, ಜನವೇ ಇಲ್ಲದ ಕಟಕಟೆಯ ಬಳಿ ಬ್ರೇಕ್ ಹಾಕಿ ಕೂತಿದ್ದ. “ಈಗ ಹಡಗು ನಿಂತಲ್ಲೇ ತಿರುಗತ್ತೆ, ನೋಡ್ತಿರು” ಎಂದ. ಹೌದು, ಎರಡೂ ಬದಿಯವರಿಗೆ ಕಾಣಲೆಂದು ಹಡಗನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆ. ಮಂಗಳೂರಿನ ಗೆಳೆಯ ಮೊದಲೇ ತಿಳಿಸಿದ್ದನಂತೆ. ಸ್ವಲ್ಪ ಹೊತ್ತಿಗೆ ಹಿಮದ ಗೋಡೆ ತಾನಾಗಿ ಅವನೆದುರು ಬಂದು ನಿಂತಿತು. ಮನೆಯೆತ್ತರದ ತುಂಡೊಂದು ಕಳಚಿ ನೀರಿಗಿಳಿಯಿತು. ಗುಡುಗು ಆಮೇಲೆ ಕೇಳಿತು. ನಾವಿಬ್ಬರೂ ಮೊದಲ ಸಾಲಿನಲ್ಲಿದ್ದೆವು.

ಮರಳುವ ದಾರಿಯಲ್ಲಿ ತೆರೆದ ಸಮುದ್ರ ಒಂದು ರಾತ್ರಿ ಚೆನ್ನಾಗಿ ಕುಲುಕಿತು. ಊಟದ ಮನೆಗೆ ಹೋಗುವ ಓಣಿಯಲ್ಲಿ ಗಟ್ಟಿಮುಟ್ಟಾದವರೆಲ್ಲ ಗೋಡೆ ಹಿಡಿದು ತೂರಾಡುತ್ತಿದ್ದರು. ನಮ್ಮವರು ನಿಂಬೆಹಣ್ಣು ಮೂಸುತ್ತ ಮಲಗಿದ್ದರು. ಮಗ ಕುರ್ಚಿಯ ಬ್ರೇಕ್ ಹಾಕಿಕೊಂಡು, ಹಡಗಿನಲ್ಲಿ ನೆಟ್ಟಗಿರುವವನು ತಾನೊಬ್ಬನೇ ಎಂದು ಎಲ್ಲರಿಗೂ ಹೇಳುತ್ತ ಕೂತಿದ್ದ. ವಿಕ್ಟೋರಿಯಾದಲ್ಲಿ ಸಂಜೆ ಕೆಲವು ಗಂಟೆ ನಿಂತು, 1886ರ ಕಾನೂನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಹೊರಟೆವು.

ಹಡಗಿನ ಸಮ ನೆಲ, ಲಿಫ್ಟು, ಅಗಲ ಬಾಗಿಲು ಯಾವುದೂ ತಾನಾಗಿ ಬಂದದ್ದಲ್ಲ. ಅಮೆರಿಕದಲ್ಲಿ 1990ರಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆ ಬಂತು. ಬಾವುಟ ವಿದೇಶದ್ದಾದರೆ ಅದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಗಾಲಿಕುರ್ಚಿ ಬಳಸುವ ಪ್ರಯಾಣಿಕರೇ ಕೋರ್ಟಿಗೆ ಒಯ್ದರು. 2005ರಲ್ಲಿ ಸುಪ್ರೀಂ ಕೋರ್ಟು, ಕೆಲವು ಮಿತಿಗಳೊಡನೆ, ಅನ್ವಯಿಸುತ್ತದೆ ಎಂದಿತು. ಆರು ವಾರದ ಪ್ಲಾಸ್ಟರಿನ ಹುಡುಗ ಅನುಭವಿಸಿದ್ದು ಜೀವಮಾನವಿಡೀ ಕುರ್ಚಿಯಲ್ಲಿರುವವರು ಹೋರಾಡಿ ಪಡೆದದ್ದನ್ನು. ನಮ್ಮ ದೇಶದಲ್ಲೂ 2016ರ ಕಾಯ್ದೆ ಇದೆ. ಊರಿನ ದೇವಸ್ಥಾನ, ಬಸ್ ನಿಲ್ದಾಣ, ಕಲ್ಯಾಣಮಂಟಪಗಳಲ್ಲಿ ಒಂದು ಇಳಿಜಾರು ದಾರಿ ಇದ್ದರೆ ಅತ್ತೆಯಂಥವರು ಎಷ್ಟು ಕಡೆ ಹೋಗಿಬರಬಹುದು ಎಂಬುದನ್ನು ಅಲ್ಲಿನವರು ಯೋಚಿಸಬೇಕು.

ಮನೆಯ ಮಕ್ಕಳಿಗೆ ಪೆಟ್ಟಾಗಿ, ಪ್ರವಾಸ ಬಿಡಲೋ ಹೋಗಲೋ ಎಂದು ತೂಗುತ್ತಿರುವವರಿಗೆ ನನ್ನದು ಇಷ್ಟು ಮಾತು. ಡಾಕ್ಟರು ಒಪ್ಪಿದರೆ ಹೋಗಿ. ಹಡಗು ಕಟ್ಟೆಗೆ ಬರುತ್ತದೋ, ದೋಣಿ ಹತ್ತಬೇಕೋ ವಿಚಾರಿಸಿ. ಕುರ್ಚಿ ಮತ್ತು ಬಾಗಿಲಿನ ಅಗಲ ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಹಡಗಿನ ಆಸ್ಪತ್ರೆಯ ಬಿಲ್ಲು ಬೇರೆ, ನಿಮ್ಮ ವಿಮೆ ಸಮುದ್ರದ ಮೇಲೂ ನಡೆಯುತ್ತದೆಯೇ ನೋಡಿಕೊಳ್ಳಿ. ಎಲ್ಲಿಗೆ ಹೋಗಬೇಕು, ಎಲ್ಲಿ ಉಳಿಯಬೇಕು ಎಂಬುದನ್ನು ಪೆಟ್ಟು ತಿಂದವರೇ ಹೇಳಲಿ. ಕುರ್ಚಿಯ ಹಿಡಿಕೆಗೆ ಕೈಹಾಕುವ ಮುನ್ನ ಪ್ರತಿ ಸಲವೂ “ತಳ್ಳಲಾ?” ಎಂದು ಕೇಳಿ, “ಬೇಡ” ಎಂದರೆ ಕೈ ತೆಗೆಯಿರಿ.